ಗಣಿಯೊಳಗಿನ ವೈನ್ ಸಂಗ್ರಹಾಲಯ: ಮದ್ಯ ಮುಟ್ಟದ ತಂದೆಯವರನ್ನು ಕ್ರಿಕೋವಾಕ್ಕೆ ಕರೆದೊಯ್ಯಬಹುದೇ?

ಉರಿಗಾಂ ಮಗ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ರೊಮೇನಿಯಾದ ಬುಕಾರೆಸ್ಟಿನಲ್ಲಿ ಉದ್ಯೋಗದಲ್ಲಿದ್ದೇನೆ. ಬರುವ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ತಂದೆಯವರು ಮೊದಲ ಬಾರಿಗೆ ಇಲ್ಲಿಗೆ ಬರುತ್ತಿದ್ದಾರೆ. ವಯಸ್ಸು ಎಪ್ಪತ್ತಮೂರು. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೂ ದುಡಿದವರು. ಕೋಟೆ, ಅರಮನೆ, ಚರ್ಚು ಎಂದರೆ ಅವರಿಗೆ ಅರ್ಧ ಗಂಟೆಯಲ್ಲಿ ಸಾಕಾಗುತ್ತದೆ. ನೆಲದ ಕೆಳಗಿನದು ಎಂದರೆ ಮಾತ್ರ ಮುಖ ಅರಳುತ್ತದೆ. ಪಕ್ಕದ ಮೊಲ್ಡೋವಾ ದೇಶದಲ್ಲಿ, ರಾಜಧಾನಿ ಕಿಶಿನಾವ್‌ನಿಂದ ಹದಿನೈದು ಕಿಲೋಮೀಟರ್ ದೂರದ ಕ್ರಿಕೋವಾ ಎಂಬಲ್ಲಿ ಹಳೆಯ ಸುಣ್ಣಕಲ್ಲಿನ ಗಣಿಯೊಳಗೆ ವೈನ್ ನೆಲಮಾಳಿಗೆ ಮತ್ತು ವಸ್ತುಸಂಗ್ರಹಾಲಯ ಇದೆ ಎಂದು ಕೇಳಿದ್ದೇನೆ. ತೊಡಕು ಒಂದೇ: ತಂದೆಯವರು ಜೀವಮಾನದಲ್ಲಿ ಒಂದು ತೊಟ್ಟು ಮದ್ಯವನ್ನೂ ಮುಟ್ಟಿದವರಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಗಣಿ ಕಾಲೊನಿಯಲ್ಲಿ ತೀರ ಹತ್ತಿರದಿಂದ ಕಂಡವರು. ಇಂಥವರನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯೇ? ಹೋದರೆ ನೋಡಲು ನಿಜವಾಗಿ ಏನಿದೆ? ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ.

ಕಿಶಿನಾವ್ ವಿದ್ಯಾರ್ಥಿನಿ

ನಾನು ಇಲ್ಲಿ ವೈದ್ಯಕೀಯ ನಾಲ್ಕನೆಯ ವರ್ಷ ಓದುತ್ತಿದ್ದೇನೆ, ಊರು ದಾವಣಗೆರೆ. ಕ್ರಿಕೋವಾಕ್ಕೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಊರಿನಿಂದ ಬಂದ ಯಾರದೋ ಅಪ್ಪ ಅಮ್ಮಂದಿರಿಗೆ ಜೊತೆಯಾಗಿ ಹೋದದ್ದು. ಅವರಲ್ಲಿ ಹೆಚ್ಚಿನವರು ಕುಡಿಯದವರೇ. ಆದ್ದರಿಂದ ನಿಮ್ಮ ಪ್ರಶ್ನೆಗೆ ಧೈರ್ಯದಿಂದ ಉತ್ತರಿಸಬಲ್ಲೆ: ಖಂಡಿತ ಕರೆದುಕೊಂಡು ಬನ್ನಿ.

ಮೊದಲು ಸ್ಥಳದ ಕಲ್ಪನೆ ಕೊಡುತ್ತೇನೆ. ನೆಲಮಾಳಿಗೆ ಎಂದ ಕೂಡಲೇ ನಮಗೆ ಮನೆಯ ಕೆಳಗಿನ ಒಂದು ಕತ್ತಲೆ ಕೋಣೆ ನೆನಪಾಗುತ್ತದೆ. ಇದು ಹಾಗಲ್ಲ. ಸುಮಾರು 120 ಕಿಲೋಮೀಟರ್ ಉದ್ದದ ಸುರಂಗಗಳ ಜಾಲ ಇದು. ಬ್ಯಾಟರಿಯಿಂದ ಓಡುವ ಪುಟ್ಟ ಗಾಡಿಯಲ್ಲಿ ಕೂರಿಸಿ ಇಳಿಜಾರಿನಲ್ಲಿ ಒಳಗೆ ಕರೆದೊಯ್ಯುತ್ತಾರೆ, ಆದ್ದರಿಂದ ಮೆಟ್ಟಿಲುಗಳ ಭಯವಿಲ್ಲ. ಲಾರಿ ಹೋಗುವಷ್ಟು ಅಗಲವಾದ ದಾರಿಗಳಿಗೆ ಬೀದಿಗಳಂತೆಯೇ ಫಲಕ ಹಾಕಿ, ಕ್ಯಾಬರ್ನೆ, ಸೊವಿನ್ಯೋಂ ಎಂದು ದ್ರಾಕ್ಷಿ ತಳಿಗಳ ಹೆಸರಿಟ್ಟಿದ್ದಾರೆ. ತಿರುವುಗಳಲ್ಲಿ ಸಂಚಾರ ಚಿಹ್ನೆಗಳೂ ಇವೆ. ಎರಡೂ ಬದಿಗೆ ದೊಡ್ಡ ದೊಡ್ಡ ಓಕ್ ಪೀಪಾಯಿಗಳು. ಹೊರಗೆ ಎಷ್ಟೇ ಬಿಸಿಲಿರಲಿ, ಹಿಮ ಸುರಿಯಲಿ, ಒಳಗೆ ವರ್ಷವಿಡೀ 12ರಿಂದ 14 ಡಿಗ್ರಿ. ಸ್ವೆಟರು ಮರೆತ ಒಬ್ಬ ಅಂಕಲ್ ಅರ್ಧ ದಾರಿಯಲ್ಲಿ ನನ್ನ ಶಾಲು ಹೊದ್ದುಕೊಂಡು ಕೂತಿದ್ದರು, ನೆನಪಿಟ್ಟುಕೊಳ್ಳಿ.

ಸಂಗ್ರಹಾಲಯದ ಭಾಗದಲ್ಲಿ ಗಾಡಿಯಿಂದ ಇಳಿದು ನಡೆಯಬೇಕು. ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆದ ಚರಿತ್ರೆ ಹೇಳುವ ಹಳೆಯ ಪಾತ್ರೆಗಳು, ಉಪಕರಣಗಳು ಅಲ್ಲಿವೆ. ಮುಂದೆ ಕಮಾನು ಗೂಡುಗಳಲ್ಲಿ ಮಲಗಿಸಿಟ್ಟ ಸಂಗ್ರಹದ ಬಾಟಲಿಗಳು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೋವಿಯತ್ ಸೇನೆ ವಶಪಡಿಸಿಕೊಂಡ, ಹಿಟ್ಲರನ ಆಪ್ತ ನಾಜಿ ನಾಯಕ ಹರ್ಮನ್ ಗೋರಿಂಗ್‌ನ ಸಂಗ್ರಹದ ಒಂದು ಪಾಲು ಇಲ್ಲಿಗೆ ಬಂತು. ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ತೋರಿಸುವುದು 1902ರಲ್ಲಿ ಜೆರುಸಲೇಮಿನಲ್ಲಿ ಈಸ್ಟರ್ ಹಬ್ಬಕ್ಕೆಂದು ತಯಾರಾದ ವೈನಿನ ಒಂದು ಬಾಟಲಿಯನ್ನು. ರುಚಿ ನೋಡುವ ಸಭಾಂಗಣ ಬರುವುದು ಪ್ರವಾಸದ ಕೊನೆಯಲ್ಲಿ. ರುಚಿ ನೋಡದೆ ಕೇವಲ ನೋಡಿಕೊಂಡು ಬರುವ ಟಿಕೆಟ್ಟೂ ಸಿಗುತ್ತದೆ. ಅದನ್ನೇ ತೆಗೆದುಕೊಂಡರೆ ಯಾರಿಗೂ ಮುಜುಗರವಿಲ್ಲ.

ಇನ್ನೊಂದು ಮಾತು. ಇಲ್ಲಿಯ ಜನರಿಗೆ ವೈನ್ ಎಂಬುದು ನಾವು ಅಂದುಕೊಳ್ಳುವ ಕುಡಿತವಲ್ಲ. ನಾನು ಬಾಡಿಗೆಗಿರುವ ಮನೆಯ ಅಜ್ಜಿ ಪ್ರತಿ ಶರತ್ಕಾಲದಲ್ಲಿ ತಮ್ಮ ಹಿತ್ತಲಿನ ದ್ರಾಕ್ಷಿಯನ್ನು ಹಿಂಡಿ, ‘ಬೆಚ್’ ಎಂದು ಕರೆಯುವ ಮನೆಯ ನೆಲಮಾಳಿಗೆಯಲ್ಲಿ ಪೀಪಾಯಿ ತುಂಬಿಸುತ್ತಾರೆ. ಅದೇ ಬೆಚ್‌ನಲ್ಲಿ ಆಲೂಗಡ್ಡೆ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಎಲೆಕೋಸು ಎಲ್ಲವೂ ಇರುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ಹಗೇವು ಇದ್ದ ಹಾಗೆ.

ಶಿವಮೊಗ್ಗದ ಹಳಬ

ವಿದ್ಯಾರ್ಥಿನಿಯವರ ವಿವರಣೆ ಚೆನ್ನಾಗಿದೆ. ಆದರೆ ನನ್ನದೊಂದು ತಕರಾರಿದೆ. ಮದ್ಯ ತಯಾರಿಸಿ ಮಾರುವ ಸಂಸ್ಥೆಯೊಂದು ತನ್ನ ಉಗ್ರಾಣಕ್ಕೆ ವಸ್ತುಸಂಗ್ರಹಾಲಯವೆಂದು ಹೆಸರಿಟ್ಟು, ಟಿಕೆಟ್ ಇಟ್ಟು, ಕೊನೆಗೆ ಅಂಗಡಿಯ ಮೂಲಕವೇ ಹೊರಗೆ ಕಳುಹಿಸುವುದನ್ನು ನಾವು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ? ಗೋರಿಂಗ್‌ನ ಬಾಟಲಿ ಎಂಬುದು ಕೂಡ ಲೂಟಿಯ ಮೇಲಿನ ಲೂಟಿ. ಅದನ್ನು ದೀಪ ಹಾಕಿ ತೋರಿಸುವುದರಲ್ಲಿ ಹೆಮ್ಮೆಪಡುವಂಥದ್ದು ಏನಿದೆಯೋ ನನಗೆ ತಿಳಿಯದು.

ನಂದಿ ತಪ್ಪಲು

ಹಳಬರ ತಕರಾರಿನಲ್ಲಿ ಅರ್ಧ ಸತ್ಯವಿದೆ, ಅಂಗಡಿ ಇರುವುದು ನಿಜ. ನಾನು ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರ. ವೈನ್ ಕಾರ್ಖಾನೆಗೂ ಸ್ವಲ್ಪ ಹಣ್ಣು ಕೊಡುತ್ತೇನೆ. 2018ರಲ್ಲಿ ಬೆಳೆಗಾರರ ಗುಂಪಿನೊಡನೆ ಮೊಲ್ಡೋವಾಕ್ಕೆ ಹೋಗಿದ್ದೆ. ಕ್ರಿಕೋವಾ ಸರ್ಕಾರದ ಒಡೆತನದ ಸಂಸ್ಥೆ. 2003ರಲ್ಲಿ ಅಲ್ಲಿಯ ಸಂಸತ್ತು ಕಾನೂನಿನ ಮೂಲಕವೇ ಅದನ್ನು ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಒಂದು ನೆಲಮಾಳಿಗೆಗೆ ಆ ಮಾನ ಏಕೆ ಕೊಟ್ಟರೆಂಬುದು ಆ ದೇಶದ ಕಷ್ಟ ತಿಳಿದರೆ ಅರ್ಥವಾಗುತ್ತದೆ.

1985ರಲ್ಲಿ ಗೊರ್ಬಚೇವ್ ಸೋವಿಯತ್ ಒಕ್ಕೂಟದಲ್ಲಿ ಮದ್ಯವಿರೋಧಿ ಆಂದೋಲನ ಆರಂಭಿಸಿದಾಗ ಮೊಲ್ಡೋವಾದಲ್ಲಿ ಅಪಾರ ಪ್ರಮಾಣದ ದ್ರಾಕ್ಷಿ ತೋಟಗಳನ್ನು ಬೇರುಸಹಿತ ಕಿತ್ತು ಹಾಕಿದರು. ತಂದೆಯವರ ಹಾಗೆ ನಾನೂ ಕುಡಿತವನ್ನು ಸಮರ್ಥಿಸುವವನಲ್ಲ, ಆದರೆ ಬಳ್ಳಿಯೊಂದು ಫಲಕ್ಕೆ ಬರಲು ಮೂರು ವರ್ಷ, ಒಳ್ಳೆಯ ಫಲಕ್ಕೆ ಇನ್ನೂ ಹೆಚ್ಚು ಬೇಕೆಂಬುದನ್ನು ಬಲ್ಲವನಿಗೆ ಅದನ್ನು ಕೇಳುವಾಗಲೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಕ್ಕೂಟ ಒಡೆದ ಮೇಲೂ ಮೊಲ್ಡೋವಾದ ವೈನಿನ ಬಹುಪಾಲು ಹೋಗುತ್ತಿದ್ದುದು ರಷ್ಯಕ್ಕೆ. ರಷ್ಯ 2006ರಲ್ಲಿ ಒಮ್ಮೆ, 2013ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಆಮದನ್ನೇ ನಿಲ್ಲಿಸಿತು. ಎರಡನೆಯ ನಿಷೇಧದ ಕೆಲವೇ ತಿಂಗಳಲ್ಲಿ, ಡಿಸೆಂಬರಿನಲ್ಲಿ, ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಇದೇ ಕ್ರಿಕೋವಾದ ಸುರಂಗಕ್ಕೆ ಇಳಿದರು. ಸುಮ್ಮನೆ ವೈನ್ ಕುಡಿಯಲು ಬಂದದ್ದಲ್ಲವೆಂಬುದು ಅಲ್ಲಿಯ ಪ್ರತಿಯೊಬ್ಬ ರೈತನಿಗೂ ಗೊತ್ತಿತ್ತು.

ಅಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಗೋರಿಂಗ್‌ನ ಬಾಟಲಿಯ ಮುಂದಲ್ಲ, ನೊರೆವೈನ್ ತಯಾರಿಸುವ ಓಣಿಯಲ್ಲಿ. ಅದನ್ನು ಬಾಟಲಿಯೊಳಗೇ ಎರಡನೆಯ ಸಲ ಹುಳಿಯಲು ಬಿಡುತ್ತಾರೆ. ಒಳಗೆ ಹುಟ್ಟಿದ ಅನಿಲ ಹೊರಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಕೆಲಸ ಮುಗಿಸಿದ ಯೀಸ್ಟು ಮಾತ್ರ ಗಷ್ಟಾಗಿ ಉಳಿಯುತ್ತದೆ. ಅದನ್ನು ತೆಗೆಯಲು ತೂತು ಕೊರೆದ ಇಳಿಜಾರು ಹಲಗೆಗಳಿಗೆ ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ಪ್ರತಿದಿನ ಒಂದಿಷ್ಟಿಷ್ಟೇ ತಿರುಗಿಸುತ್ತ ಬರುತ್ತಾರೆ. ವಾರಗಳು ಕಳೆದಂತೆ ಗಷ್ಟು ಜಾರಿ ಕತ್ತಿನಲ್ಲಿ ನಿಲ್ಲುತ್ತದೆ. ಆಮೇಲೆ ಕತ್ತನ್ನು ಮಾತ್ರ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ, ಒಳಗಿನ ಒತ್ತಡಕ್ಕೆ ಗಷ್ಟಿನ ತುಂಡು ತಾನಾಗಿ ಚಿಮ್ಮಿ ಬೀಳುತ್ತದೆ. ಈ ತಿರುಗಿಸುವ ಕೆಲಸವನ್ನು ಅಲ್ಲಿ ಹೆಣ್ಣುಮಕ್ಕಳು ಎರಡೂ ಕೈಯಲ್ಲಿ ಒಟ್ಟಿಗೆ, ನೋಡದೆಯೇ ಮಾಡುತ್ತಾರೆ. ನಮ್ಮಲ್ಲಿ ಬೀಡಿ ಸುತ್ತುವವರ ಬೆರಳು ನೋಡಿದವರಿಗೆ ಆ ವೇಗದ ಅಂದಾಜು ಸಿಗಬಹುದು. ಆ ಚಳಿಯಲ್ಲಿ ದಿನವಿಡೀ ನಿಲ್ಲುವ ಅವರ ಕೀಲುಗಳ ಗತಿಯೇನೆಂದು ನಮ್ಮ ಗುಂಪಿನ ಒಬ್ಬರು ಕೇಳಿದರು. ಮಾರ್ಗದರ್ಶಿ ನಕ್ಕು ಮುಂದೆ ನಡೆದರು. ಆ ಪ್ರಶ್ನೆಗೆ ಉತ್ತರ ಕೊಡುವ ಫಲಕವೂ ಸಂಗ್ರಹಾಲಯದಲ್ಲಿ ಇರಬೇಕಿತ್ತೆಂದು ನನಗೆ ಈಗಲೂ ಅನಿಸುತ್ತದೆ.

ಉರಿಗಾಂ ಮಗ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ತಂದೆಯವರಿಗೆ ಫೋನಿನಲ್ಲಿ ಇಷ್ಟನ್ನೂ ಓದಿ ಹೇಳಿದೆ. ವೈನಿನ ವಿಚಾರಕ್ಕೆ ಅವರು ಏನನ್ನೂ ಹೇಳಲಿಲ್ಲ. ಆದರೆ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಲು ಹೇಳಿದರು. ಎಷ್ಟು ಆಳ? ಅಷ್ಟು ಉದ್ದದ ಸುರಂಗಕ್ಕೆ ಚಾವಣಿಯ ಆಧಾರವೇನು? ಆಳಕ್ಕೆ ಹೋದಷ್ಟೂ ಕಲ್ಲು ಕಾಯುತ್ತದೆ, ಚಾಂಪಿಯನ್ ರೀಫ್‌ನ ತಳದಲ್ಲಿ ಕಲ್ಲಿನ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ, ಹಾಗಿರುವಾಗ ಅಲ್ಲಿ ತಂಪು ಹೇಗೆ? ಬಲ್ಲವರು ಇದ್ದರೆ ಉತ್ತರಿಸಿ, ಇಲ್ಲವಾದರೆ ನನ್ನನ್ನು ದಿನವೂ ಕೇಳುತ್ತಾರೆ.

ಶಿಲಾಪ್ರಿಯ

ಭೂವಿಜ್ಞಾನದ ನಿವೃತ್ತ ಅಧ್ಯಾಪಕನಾಗಿ ಇಂಥ ಪ್ರಶ್ನೆಗೆ ಕಾಯುತ್ತಿದ್ದೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳ ಹೋಗಿತ್ತು. ಅಲ್ಲಿಯ ಶಾಖ ಭೂಮಿಯ ಒಡಲಿನದು. ಕ್ರಿಕೋವಾದ ಸುರಂಗಗಳು ಹೆಚ್ಚೆಂದರೆ ನೂರು ಮೀಟರ್ ಆಳದಲ್ಲಿವೆ, ನಿಮ್ಮವರ ಲೆಕ್ಕದಲ್ಲಿ ಗಣಿಯ ಹೊಸ್ತಿಲು. ಮೇಲಿನ ಬೇಸಿಗೆ, ಚಳಿಗಾಲಗಳ ಏರಿಳಿತ ಕಲ್ಲಿನೊಳಗೆ ಹತ್ತು ಹದಿನೈದು ಮೀಟರಿಗಿಂತ ಕೆಳಗೆ ಮುಟ್ಟುವುದಿಲ್ಲ. ಅಲ್ಲಿಂದ ಕೆಳಗೆ ಕಲ್ಲು ಆ ಊರಿನ ವರ್ಷದ ಸರಾಸರಿ ಉಷ್ಣತೆಯನ್ನೇ ಹಿಡಿದಿಟ್ಟುಕೊಂಡಿರುತ್ತದೆ. ಹಿಮ ಬೀಳುವ ಕಿಶಿನಾವ್‌ನಲ್ಲಿ ಆ ಸರಾಸರಿ ಹತ್ತು ಹನ್ನೊಂದು ಡಿಗ್ರಿಯ ಆಸುಪಾಸು. ಅದಕ್ಕೆ ಆಳದ ಒಂದೆರಡು ಡಿಗ್ರಿ ಸೇರಿಸಿದರೆ ವಿದ್ಯಾರ್ಥಿನಿಯವರು ಹೇಳಿದ ಅಂಕಿ ಬಂತು. ಅಂದರೆ ಅಲ್ಲಿಯ ತಂಪು ಯಂತ್ರದ್ದಲ್ಲ. ಇದೇ ಸುರಂಗವನ್ನು ಬೆಂಗಳೂರಿನ ಕೆಳಗೆ ಕೊರೆದರೆ ವರ್ಷವಿಡೀ ಇಪ್ಪತ್ತನಾಲ್ಕು ಇಪ್ಪತ್ತೈದು ಡಿಗ್ರಿ ಇರುತ್ತದೆ, ವೈನಿಗೆ ಅದು ಸಲ್ಲದು. ನಂದಿ ತಪ್ಪಲಿನವರನ್ನು ಕೇಳಿ, ಅವರ ಕಡೆಯ ಕಾರ್ಖಾನೆಗಳ ವಿದ್ಯುತ್ ಬಿಲ್ಲು ಇದಕ್ಕೆ ಸಾಕ್ಷಿ ಹೇಳುತ್ತದೆ.

ಚಾವಣಿಯ ವಿಚಾರ. ಕೋಲಾರದ್ದು ಸುಮಾರು 270 ಕೋಟಿ ವರ್ಷ ಹಳೆಯ ಗಡಸು ಶಿಲೆ. ಅದನ್ನು ಸಿಡಿಮದ್ದಿಲ್ಲದೆ ಒಡೆಯಲಾಗದು. ಒತ್ತಡ ಹೆಚ್ಚಾದಾಗ ತಾನೇ ಸಿಡಿದು ಜೀವ ತೆಗೆದ ‘ರಾಕ್‌ಬರ್ಸ್ಟ್’ಗಳನ್ನು ತಂದೆಯವರು ನನಗಿಂತ ಚೆನ್ನಾಗಿ ಬಲ್ಲರು. ಕ್ರಿಕೋವಾದ್ದು ಒಂದು ಕೋಟಿ ವರ್ಷಕ್ಕೂ ಹಿಂದೆ ಅಲ್ಲಿದ್ದ ಸಾರ್ಮೇಷಿಯನ್ ಸಮುದ್ರದ ತಳದಲ್ಲಿ ಚಿಪ್ಪುಗಳು ಕೂಡಿಬಿದ್ದು ಆದ ಮೆತ್ತನೆಯ ಸುಣ್ಣಕಲ್ಲು. ಗರಗಸದಿಂದ ಇಟ್ಟಿಗೆಯಂತೆ ಕೊಯ್ದು ತೆಗೆಯಬಹುದು. ಅಲ್ಲಿಯವರು ಈ ದಿಮ್ಮಿಗಳನ್ನು ‘ಕೊತಿಲೆಟ್ಸ್’ ಎನ್ನುತ್ತಾರೆ. ಕೊಯ್ಯುವಾಗ ನಡುನಡುವೆ ಕಲ್ಲನ್ನೇ ಕಂಬವಾಗಿ ಬಿಟ್ಟು ಮುಂದೆ ಹೋಗುತ್ತಾರೆ. ಮೇಲಿನ ಭಾರ ಕಡಿಮೆ, ಕಂಬಗಳು ದಪ್ಪ. ಗೋಡೆಯ ಮೇಲೆ ಟಾರ್ಚ್ ಹಾಯಿಸಿ ನೋಡಿದರೆ ಗರಗಸದ ಗೆರೆಗಳೂ ಚಿಪ್ಪುಗಳೂ ಕಾಣುತ್ತವೆ.

ಹಾಗೆ ತೆಗೆದ ಕಲ್ಲು ಎಲ್ಲಿಗೆ ಹೋಯಿತೆಂಬುದೇ ನನ್ನ ಪ್ರಕಾರ ಅಲ್ಲಿಯ ಮುಖ್ಯ ಕಥೆ. 1940ರ ನವೆಂಬರಿನ ಭೂಕಂಪ, ಅದರ ಬೆನ್ನಿಗೇ ಬಂದ ಯುದ್ಧ, ಎರಡೂ ಸೇರಿ ಕಿಶಿನಾವ್ ನಗರವನ್ನು ನೆಲಸಮ ಮಾಡಿದ್ದವು. ಅದೇ ಊರಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಅಲೆಕ್ಸೈ ಶ್ಚೂಸೆವ್ ಮರುನಿರ್ಮಾಣದ ನಕ್ಷೆ ಹಾಕಿಕೊಟ್ಟರು. ನಗರ ಮತ್ತೆ ಎದ್ದದ್ದು ಇಂಥ ಗಣಿಗಳ ಬಿಳಿ ಕಲ್ಲಿನಿಂದ. ಕೆಳಗೆ ಉಳಿದ ಪೊಳ್ಳಿನಲ್ಲಿ ವೈನ್ ಇಡಬಹುದೆಂದು ಪೆತ್ರು ಉಂಗುರ್ಯಾನು ಮತ್ತು ನಿಕೊಲಾಯ್ ಸೊಬೊಲೆವ್ ಎಂಬಿಬ್ಬರು ಕಂಡುಕೊಂಡದ್ದು 1952ರಲ್ಲಿ. ಆದ್ದರಿಂದ ಹಳಬರೇ, ಅದನ್ನು ವೈನಿನ ಸಂಗ್ರಹಾಲಯವೆಂದು ನೋಡುವುದಕ್ಕಿಂತ ಒಂದು ನಗರದ ಅಚ್ಚು ಎಂದು ನೋಡಿ. ಮೇಲೆ ಏನೇನು ಕಟ್ಟಿದರೋ ಅದೆಲ್ಲದರ ಖಾಲಿ ಜಾಗ ಕೆಳಗಿದೆ.

ಶಿವಮೊಗ್ಗದ ಹಳಬ

ಈ ದೃಷ್ಟಿಯಲ್ಲಿ ನಾನು ಯೋಚಿಸಿರಲಿಲ್ಲ, ಒಪ್ಪುತ್ತೇನೆ. ಅಂಗಡಿಯ ಬಗೆಗಿನ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಇನ್ನೊಂದು ಸಂದೇಹ: ಯೂರಿ ಗಗಾರಿನ್ ಅಲ್ಲಿ ದಾರಿ ತಪ್ಪಿ ಎರಡು ದಿನ ಸುರಂಗದಲ್ಲೇ ಅಲೆದನೆಂದು ಎಲ್ಲೋ ಓದಿದ್ದೆ. ಅದು ನಿಜವೇ?

ಕಿಶಿನಾವ್ ವಿದ್ಯಾರ್ಥಿನಿ

ಗಗಾರಿನ್ 1966ರ ಅಕ್ಟೋಬರ್ 8ರಂದು ಒಳಗೆ ಹೋಗಿ ಮರುದಿನ, 9ರಂದು, ಹೊರಗೆ ಬಂದದ್ದು ನಿಜ. ಕೃತಜ್ಞತೆ ಹೇಳಿ ಕೈಯಾರೆ ಬರೆದ ಅವರ ಟಿಪ್ಪಣಿಯನ್ನು ಅಲ್ಲಿ ತೋರಿಸುತ್ತಾರೆ. ದಾರಿ ತಪ್ಪಿದ ಕಥೆಯನ್ನು ಮಾರ್ಗದರ್ಶಿಗಳು ಪ್ರತಿ ಗುಂಪಿಗೂ ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ನಾನು ಕೇಳಿದ ಮೂರು ಸಲವೂ ಅದು ಬೇರೆ ಬೇರೆಯಾಗಿತ್ತು, ಆದ್ದರಿಂದ ಅದನ್ನು ಹರಟೆಯ ಲೆಕ್ಕಕ್ಕೆ ಸೇರಿಸಿ.

ಉರಿಗಾಂ ಅಣ್ಣ, ನಗರದ ದಕ್ಷಿಣಕ್ಕೆ ಮಿಲೇಶ್ತಿ ಮಿಚ್ ಎಂಬ ಇನ್ನೊಂದು ಇಂಥದೇ ಗಣಿಯಿದೆ. ಸುರಂಗಗಳ ಒಟ್ಟು ಉದ್ದ 200 ಕಿಲೋಮೀಟರ್, ಬಳಕೆಯಲ್ಲಿರುವುದು 55. ಸುಮಾರು 15 ಲಕ್ಷ ಬಾಟಲಿಗಳ ಸಂಗ್ರಹಕ್ಕಾಗಿ 2005ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿ ನಮ್ಮ ಕಾರಿನಲ್ಲೇ ಮಾರ್ಗದರ್ಶಿಯನ್ನು ಕೂರಿಸಿಕೊಂಡು ಒಳಗೆ ಓಡಾಡಬಹುದು, ಚಳಿಗಾಲದಲ್ಲಿ ಸುರಂಗದೊಳಗೇ ಓಟದ ಸ್ಪರ್ಧೆಯೂ ನಡೆಯುತ್ತದೆ. ಆದರೂ ಒಂದೇ ದಿನವಿದ್ದರೆ ಕ್ರಿಕೋವಾವನ್ನೇ ಆರಿಸಿಕೊಳ್ಳಿ. ಇಳಿದು ಗೋಡೆ ಮುಟ್ಟಿ ನೋಡಲು ಅಲ್ಲಿಯೇ ಅನುಕೂಲ.

ನಂದಿ ತಪ್ಪಲು

ಶಿಲಾಪ್ರಿಯ ಸರ್ ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಡೆ ಕರೆಂಟು ಹೋದರೆ ಮೊದಲು ಜನರೇಟರ್ ಶುರುವಾಗುವುದು ವೈನ್ ಇಟ್ಟ ಕೋಣೆಗೆ. ಅಲ್ಲಿಯ ತೇವವೂ ಹಾಗೆಯೇ ಪುಕ್ಕಟೆ. ಗಾಳಿಯಲ್ಲಿ ಅಷ್ಟು ತೇವವಿರುವುದರಿಂದ ಕಾರ್ಕ್ ಒಣಗಿ ಕುಗ್ಗುವುದಿಲ್ಲ, ಬಾಟಲಿಯನ್ನು ಮಲಗಿಸಿಡುವುದೂ ಅದೇ ಕಾರಣಕ್ಕೆ. ಆದರೆ ಕಾಗದದ ಚೀಟಿಗಳಿಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಬಾಟಲಿಗಳ ಮೇಲಿನ ಕಪ್ಪು ಬೂಷ್ಟನ್ನು ಅವರು ಒರೆಸುವುದೂ ಇಲ್ಲ, ಅದೇ ಅವಕ್ಕೆ ಒಡವೆ.

ಉರಿಗಾಂ ಮಗ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹೋಗಿ ಬಂದು ಎರಡು ವಾರವಾಯಿತು.

ಬುಕಾರೆಸ್ಟಿನಿಂದ ರಾತ್ರಿ ರೈಲಿನಲ್ಲಿ ಹೋದೆವು. ಸೋವಿಯತ್ ಕಾಲದ ಹಳಿಗಳು ಹೆಚ್ಚು ಅಗಲವಾದ್ದರಿಂದ ಗಡಿ ದಾಟಿದ ಮೇಲೆ ಉಂಗೇನಿಯಲ್ಲಿ ಡಬ್ಬಿಗಳನ್ನು ಎತ್ತಿ ಕೆಳಗಿನ ಗಾಲಿಗಳನ್ನೇ ಬದಲಿಸುತ್ತಾರೆ. ಎಲ್ಲರೂ ಮಲಗಿದ್ದಾಗ ತಂದೆಯವರು ಕಿಟಕಿಗೆ ಮುಖವಿಟ್ಟು ನಿಂತು ಪೂರ್ತಿ ನೋಡಿದರು. ನಾನು ಹಣ ಕೊಟ್ಟು ನಂಬಿದ್ದ ಪ್ರವಾಸ ಏಜೆಂಟು ಇಂಗ್ಲಿಷ್ ಮಾರ್ಗದರ್ಶಿಯ ಬದಲು ರಷ್ಯನ್ ಗುಂಪಿನ ಟಿಕೆಟ್ ಮಾಡಿಸಿದ್ದ. ವಿದ್ಯಾರ್ಥಿನಿ ತಂಗಿ ಜೊತೆಗೆ ಬಂದು ರಷ್ಯನ್ನಿನಿಂದ ಕನ್ನಡಕ್ಕೆ ಹೇಳುತ್ತ ಹೋಗದಿದ್ದರೆ ನಾವು ಮೂಗರಂತೆ ಬರಬೇಕಾಗಿತ್ತು. ಟಿಕೆಟ್ ಮಾಡಿಸುವವರು ಭಾಷೆಯನ್ನು ಎರಡು ಸಲ ಖಚಿತಪಡಿಸಿಕೊಳ್ಳಿ.

ಗಾಡಿ ಇಳಿಜಾರಿಗೆ ತಿರುಗಿ ಮೊದಲ ತಣ್ಣನೆಯ ಗಾಳಿ ಮುಖಕ್ಕೆ ಬಡಿದಾಗ ತಂದೆಯವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಏಕೆಂದು ನಾನು ಕೇಳಲಿಲ್ಲ. ಪೀಪಾಯಿಗಳ ಕಡೆಗೆ ಅವರ ಕಣ್ಣು ಹೋಗಲೇ ಇಲ್ಲ, ಕುತ್ತಿಗೆ ಎತ್ತಿ ಚಾವಣಿಯನ್ನೇ ನೋಡುತ್ತಿದ್ದರು. ಸಂಗ್ರಹಾಲಯದಲ್ಲಿ ಇಳಿದ ಮೇಲೆ ಗೋಡೆಯ ಗರಗಸದ ಗೆರೆಯಲ್ಲಿ ಬೆರಳು ಓಡಿಸಿ, ಉಗುರಿನಿಂದ ಒತ್ತಿ, ‘ಇದು ಬೆಣ್ಣೆ ಕಣಪ್ಪ’ ಎಂದರು. ಮಾರ್ಗದರ್ಶಿ ಗೋರಿಂಗ್‌ನ ಕಥೆ ಹೇಳುತ್ತಿದ್ದಾಗ ನಡುವೆ ಕೈಯೆತ್ತಿ, ಒಸರುವ ನೀರನ್ನು ಹೊರಗೆ ಹಾಕಲು ಪಂಪು ಎಲ್ಲಿಟ್ಟಿದ್ದೀರಿ ಎಂದು ಕೇಳಿಸಿದರು. ಆ ಹುಡುಗಿಗೆ ಇಂಥ ಪ್ರಶ್ನೆ ಹೊಸದು. ಅವಳು ತಬ್ಬಿಬ್ಬಾದಳು. ಕೋಲಾರದಲ್ಲಿ ಪಂಪು ನಿಲ್ಲಿಸಿದ ಮೇಲೆ ತಾವು ಓಡಾಡಿದ ಮಟ್ಟಗಳೆಲ್ಲ ನೀರಲ್ಲಿ ಮುಳುಗಿದ್ದನ್ನು ಅವರು ಮನೆಯಲ್ಲಿ ಎಂದೂ ವಿವರವಾಗಿ ಹೇಳಿದವರಲ್ಲ. ಅಂದು ಆ ತಂಪಿನಲ್ಲಿ, ಪರದೇಶದ ಗುಂಪು ಮುಂದೆ ಹೋದ ಮೇಲೆ, ಒಂದೊಂದೇ ಮಟ್ಟದ ಹೆಸರು ಹಿಡಿದು ತಂಗಿಗೆ ಹೇಳುತ್ತ ನಡೆದರು. ಇಲ್ಲಿಯವರು ಪುಣ್ಯವಂತರು, ಪೊಳ್ಳಿಗೆ ಒಂದು ಕೆಲಸ ಕೊಟ್ಟಿದ್ದಾರೆ ಎಂದರು.

1902ರ ಬಾಟಲಿಯ ಮುಂದೆ ತಂಗಿ ಇಸವಿ ಓದಿದ ತಕ್ಷಣ, ‘ಶಿವನಸಮುದ್ರದಿಂದ ನಮ್ಮ ಗಣಿಗೆ ಕರೆಂಟು ಬಂದ ವರ್ಷ’ ಎಂದರು. ಗುಂಪಿನವರು ಬೆಲೆ ಎಷ್ಟೆಂದು ಕೇಳುತ್ತಿದ್ದರು.

ಏಜೆಂಟಿನ ಕೃಪೆಯಿಂದ ನಮ್ಮದು ರುಚಿ ನೋಡುವ ಟಿಕೆಟ್ಟೇ ಆಗಿತ್ತು. ಸಭಾಂಗಣದಲ್ಲಿ ಮುಂದಿಟ್ಟ ಲೋಟವನ್ನು ಅವರು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ನನ್ನ ಕಡೆ ಸರಿಸಿದರು. ಪಕ್ಕದಲ್ಲಿದ್ದ ಬ್ರೆಡ್ಡು ತಿಂದರು. ಅಂಗಡಿಯ ಮೂಲಕವೇ ಹೊರಗೆ ಬಂದೆವು, ಹಳಬರು ಹೇಳಿದ್ದು ಸುಳ್ಳಲ್ಲ. ಬಾಗಿಲ ಬಳಿ ಅವರು ನಿಂತು ಹಿಂದೆ ಮುಂದೆ ನೋಡತೊಡಗಿದರು. ಏನಾದರೂ ಬಿಟ್ಟು ಬಂದಿರಾ ಎಂದೆ. ಟಿಕೆಟ್ಟು ಕೈಯಲ್ಲೇ ಇತ್ತು. ಇಳಿದವರೆಲ್ಲ ಮೇಲೆ ಬಂದರೋ ಇಲ್ಲವೋ ಎಂದು ಲೆಕ್ಕ ಇಡುವವರು ಯಾರು, ಬಿಲ್ಲೆ ವಾಪಸ್ ಕೊಡುವ ಕಿಟಕಿ ಎಲ್ಲಿ ಎಂದು ಕೇಳಿದರು.